ಮನೆಯಲ್ಲೇ ಕೂರಿಸಿದರೆ ಊರು ಉಳಿಯದು

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಂದು ಸಂಜೆ ಜೋರು ಮಳೆ ಸುರಿದು ವಾಹನಗಳು ನಿಂತಲ್ಲೇ ನಿಂತರೆ ಸಾಕು, ಬೆಳಗಾಗುವಷ್ಟರಲ್ಲಿ ಎಲ್ಲರ ಬಾಯಲ್ಲೂ ಒಂದೇ ಪರಿಹಾರ: ಐಟಿಯವರು ಮನೆಯಿಂದಲೇ ಕೆಲಸ ಮಾಡಲಿ. ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದೇ ಮಾತು, ಟಿವಿ ಚರ್ಚೆಗಳಲ್ಲಿ ಅದೇ ಮಾತು. 2025ರಲ್ಲಿ ಸಂಚಾರ ಪೊಲೀಸರೇ ಕಂಪನಿಗಳ ಮುಂದೆ ಈ ಸಲಹೆ ಇಟ್ಟರು. ವಾರದಲ್ಲಿ ಬುಧವಾರ ದಟ್ಟಣೆ ಹೆಚ್ಚು, ಅವತ್ತು ನೌಕರರು ಮನೆಯಲ್ಲೇ ಇದ್ದು ಕೆಲಸ ಮಾಡಲಿ ಎಂದರು. ಒಂದು ಮಹಾನಗರ ತನ್ನ ಜನರಿಗೆ ‘ದಯವಿಟ್ಟು ಹೊರಗೆ ಬರಬೇಡಿ’ ಎಂದು ಹೇಳುವುದು ನಮಗೆ ಈಗ ಆಡಳಿತದ ಜಾಣತನದಂತೆಯೇ ಕಾಣತೊಡಗಿದೆ.

ಈ ಅಭಿಪ್ರಾಯದ ಪರವಾಗಿ ಹೇಳುವುದು ಬೇಕಾದಷ್ಟಿದೆ. ನೌಕರರಿಗೆ ದಿನಕ್ಕೆ ಎರಡು ಮೂರು ಗಂಟೆ ಉಳಿಯುತ್ತದೆ. ರಸ್ತೆಯ ಮೇಲೆ ವಾಹನ ಕಡಿಮೆಯಾಗುತ್ತದೆ, ಗಾಳಿ ಒಂದಿಷ್ಟು ಶುದ್ಧವಾಗುತ್ತದೆ. ಕಂಪನಿಗೆ ಬಾಡಿಗೆ, ಕ್ಯಾಬು, ಕ್ಯಾಂಟೀನಿನ ಖರ್ಚು ಇಳಿಯುತ್ತದೆ. ಬೆಂಗಳೂರಿನಲ್ಲೇ ಸುರಿಯುತ್ತಿದ್ದ ಸಂಬಳದ ಹಣ ಶಿರಸಿಗೆ, ಹಾಸನಕ್ಕೆ, ವಿಜಯಪುರಕ್ಕೆ ಹರಿಯುತ್ತದೆ. ಊರು ಬಿಟ್ಟ ಮಕ್ಕಳು ಹಿಂದಿರುಗಿ ವಯಸ್ಸಾದ ಅಪ್ಪ ಅಮ್ಮನ ಜೊತೆ ಇರುತ್ತಾರೆ. ಮಹಾನಗರಗಳ ಕಾಲ ಮುಗಿಯಿತು, ಇನ್ನು ಮುಂದೆ ಲ್ಯಾಪ್‌ಟಾಪ್ ಇದ್ದಲ್ಲೇ ಕಚೇರಿ ಎಂದು ಹೇಳುವವರಲ್ಲಿ ಬಹುಪಾಲು ಮಂದಿ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ.

ಅಷ್ಟಾದರೂ ಈ ವಾದವನ್ನು ನಾನು ಒಪ್ಪಲಾರೆ. ಮನೆಯಿಂದ ಕೆಲಸ ಮಾಡುವುದು ಒಬ್ಬ ನೌಕರನಿಗೆ, ಒಂದು ಕುಟುಂಬಕ್ಕೆ ಅನುಕೂಲವಾಗಬಹುದು. ಅದನ್ನೇ ನಗರದ ನೀತಿ ಮಾಡಿಕೊಂಡರೆ, ಸರ್ಕಾರವೂ ಕಂಪನಿಗಳೂ ಊರಿಗೆ ಸಲ್ಲಿಸಬೇಕಾದ ಬಾಕಿಯಿಂದ ತಪ್ಪಿಸಿಕೊಳ್ಳಲು ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಕೋವಿಡ್ ನಂತರದ ಬೆಂಗಳೂರಿನಲ್ಲಿ ಆಗಿರುವುದು ಇದೇ.

2021ರ ಆಗಸ್ಟ್‌ನಲ್ಲಿ ರಾಜ್ಯದ ಐಟಿ-ಬಿಟಿ ಇಲಾಖೆ ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ನಾಸ್ಕಾಂಗೆ ಒಂದು ಪತ್ರ ಬರೆಯಿತು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಕಾಮಗಾರಿ ಶುರುವಾಗಲಿದೆ, ಅದಕ್ಕೆ ಒಂದೂವರೆ ಎರಡು ವರ್ಷ ಹಿಡಿಯುತ್ತದೆ, ಹಾಗಾಗಿ ಆ ರಸ್ತೆಯ ಕಂಪನಿಗಳು 2022ರ ಡಿಸೆಂಬರ್‌ವರೆಗೆ ನೌಕರರನ್ನು ಮನೆಯಿಂದಲೇ ಕೆಲಸ ಮಾಡಲು ಬಿಡಲಿ ಎಂಬುದು ಪತ್ರದ ಸಾರ. ಸಲಹೆ ಆಗ ತೀರಾ ಸಮಂಜಸವಾಗಿಯೇ ಕಂಡಿತು. ಜನರಿಲ್ಲದ ರಸ್ತೆಯಲ್ಲಿ ಕೆಲಸ ಬೇಗ ಮುಗಿಯುತ್ತದೆ, ಅವರು ಮರಳುವಷ್ಟರಲ್ಲಿ ರೈಲು ಓಡುತ್ತಿರುತ್ತದೆ ಎಂದೇ ಯಾರಿಗಾದರೂ ಅನಿಸುತ್ತಿತ್ತು. ಆ ಡಿಸೆಂಬರ್ ಬಂತು, ಹೋಯಿತು. 2023 ಕಳೆಯಿತು, 2024 ಕಳೆಯಿತು. 2025 ಮುಗಿದಾಗಲೂ ಆ ರಸ್ತೆಯುದ್ದಕ್ಕೂ ಮೆಟ್ರೊ ಕಂಬಗಳಿದ್ದವು, ಪ್ರಯಾಣಿಕರನ್ನು ಹೊತ್ತ ರೈಲು ಇರಲಿಲ್ಲ. ಕಾಮಗಾರಿ ತಡವಾಗಲು ಹತ್ತು ಕಾರಣಗಳಿರುತ್ತವೆ, ಬಲ್ಲೆ. ಅವುಗಳ ಜೊತೆಗೆ ಯಾರೂ ಹೇಳದ ಇನ್ನೊಂದು ಕಾರಣವೂ ಇದೆ ಎಂಬುದು ನನ್ನ ನಂಬಿಕೆ. ನಾಡಿಗೆ ಅತಿ ಹೆಚ್ಚು ತೆರಿಗೆ ತರುವ, ಇಂಗ್ಲಿಷ್ ಪತ್ರಿಕೆಗಳಲ್ಲಿ ದನಿಯಿರುವ ಜನ ರಸ್ತೆಯಲ್ಲೇ ಇಲ್ಲದಿದ್ದಾಗ ಆ ರಸ್ತೆಯ ಬಗ್ಗೆ ಯಾರಿಗೂ ಅವಸರವಿರುವುದಿಲ್ಲ.

ಇದಕ್ಕಿಂತ ನೋವಿನ ಕಥೆ ಬಸ್ ಪಥದ್ದು. 2019ರ ಕೊನೆಯಲ್ಲಿ ಇದೇ ಹೊರವರ್ತುಲ ರಸ್ತೆಯಲ್ಲಿ, ಇದೇ ಸಿಲ್ಕ್ ಬೋರ್ಡ್ ಮತ್ತು ಕೆ.ಆರ್. ಪುರದ ನಡುವೆ, ಬಸ್ಸುಗಳಿಗಾಗಿಯೇ ಒಂದು ಪಥವನ್ನು ಬೇರೆ ಮಾಡಲಾಯಿತು. ಸಾಲಾಗಿ ಗಿಡ್ಡ ಕಂಬಗಳನ್ನು ನೆಟ್ಟು ಕಾರು, ಬೈಕುಗಳು ಒಳಗೆ ನುಗ್ಗದಂತೆ ತಡೆದರು. ಬೆಂಗಳೂರಿನ ಮಟ್ಟಿಗೆ ಅದು ಧೈರ್ಯದ ಕೆಲಸ. ಇಡೀ ರಸ್ತೆಯನ್ನು ಕಾರುಗಳಿಗೆ ಬಿಟ್ಟುಕೊಟ್ಟ ಊರಿನಲ್ಲಿ ಮೊದಲ ಬಾರಿಗೆ ಎಪ್ಪತ್ತು ಜನರನ್ನು ಹೊತ್ತ ಬಸ್ಸಿಗೆ ಒಬ್ಬನೇ ಕೂತ ಕಾರಿಗಿಂತ ಹೆಚ್ಚಿನ ಹಕ್ಕಿದೆ ಎಂದು ಸರ್ಕಾರ ಹೇಳಿತ್ತು. ಬಸ್ಸುಗಳ ವೇಗ ಹೆಚ್ಚಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಓಡುವ 500ಡಿ ಬಸ್ಸಿನಲ್ಲಿ ಕೂತವರು ಪಕ್ಕದಲ್ಲಿ ನಿಂತ ಕಾರುಗಳನ್ನು ದಾಟಿ ಮುಂದೆ ಹೋಗುವುದು ಸಾಧ್ಯವಾಯಿತು. ಆ ಪ್ರಯೋಗ ಬಳ್ಳಾರಿ ರಸ್ತೆಗೆ, ಹಳೆ ಮದ್ರಾಸ್ ರಸ್ತೆಗೆ, ಹೊಸೂರು ರಸ್ತೆಗೆ ಹಬ್ಬಬೇಕಿತ್ತು. ಆರು ತಿಂಗಳು ಕಳೆಯುವ ಮೊದಲೇ ಕೋವಿಡ್ ಬಂತು. ಕಚೇರಿಗಳು ಮುಚ್ಚಿದವು, ಬಸ್ಸುಗಳು ಖಾಲಿಯಾದವು, ಆಮೇಲೆ ಮೆಟ್ರೊ ಕಾಮಗಾರಿ ಶುರುವಾಯಿತು, ಪಥ ಮಾಯವಾಯಿತು. ಜನ ಮರಳಿದರು, ಪಥ ಮರಳಲಿಲ್ಲ. ಅದು ಎಲ್ಲಿ ಹೋಯಿತು ಎಂದು ಕೇಳಿದವರೂ ಕಡಿಮೆ, ಏಕೆಂದರೆ ಅಷ್ಟು ಹೊತ್ತಿಗೆ ಚರ್ಚೆ ಬೇರೆ ಕಡೆ ತಿರುಗಿತ್ತು. ಬಸ್ ಬೇಕೇ, ಪಥ ಬೇಕೇ ಎಂಬ ಪ್ರಶ್ನೆಯ ಜಾಗದಲ್ಲಿ ವಾರಕ್ಕೆ ಎಷ್ಟು ದಿನ ಕಚೇರಿಗೆ ಬರಬೇಕು ಎಂಬ ಪ್ರಶ್ನೆ ಬಂದು ಕೂತಿತ್ತು.

ನನ್ನ ಮುಖ್ಯ ತಕರಾರು ಇಲ್ಲಿದೆ. ಎಷ್ಟು ದಿನ ಬರಬೇಕು ಎನ್ನುವುದು ಕಂಪನಿ ಮತ್ತು ನೌಕರನ ನಡುವಿನ ಮಾತು. ಹೇಗೆ ಬರಬೇಕು ಎನ್ನುವುದು ಸರ್ಕಾರ ಮತ್ತು ನಾಗರಿಕರ ನಡುವಿನ ಮಾತು. ಮೊದಲನೆಯದನ್ನು ನಾವು ಜೋರಾಗಿ ಆಡುತ್ತಿರುವಷ್ಟು ಕಾಲ ಎರಡನೆಯದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ. ಈಗ ಅದು ಒಂದು ಕೋಟಿಯನ್ನು ಎಂದೋ ದಾಟಿದೆ. ನೋಂದಾಯಿತ ವಾಹನಗಳ ಸಂಖ್ಯೆಯೂ ಕೋಟಿ ದಾಟಿದೆ. ಬಿಎಂಟಿಸಿ ಬಸ್ಸುಗಳು ಮಾತ್ರ ಈ ಹತ್ತು ಹನ್ನೆರಡು ವರ್ಷಗಳಲ್ಲಿ ಆರು ಏಳು ಸಾವಿರದ ಆಸುಪಾಸಿನಲ್ಲೇ ಉಳಿದಿವೆ. 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದ, ನಲವತ್ತು ತಿಂಗಳ ಮಾತು ಕೊಟ್ಟ 148 ಕಿಲೋಮೀಟರ್ ಉಪನಗರ ರೈಲು ಆ ಗಡುವು ಮುಗಿದರೂ ಹಳಿಯ ಮೇಲೆ ಬರಲಿಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಬಸ್ಸನ್ನು ಹೆಚ್ಚಿಸದೆ, ರೈಲನ್ನು ದುಬಾರಿ ಮಾಡಿ, ಫುಟ್‌ಪಾತನ್ನು ಅಗೆದು ಹಾಗೆಯೇ ಬಿಟ್ಟು, ಕೊನೆಗೆ ಜನರಿಗೆ ಮನೆಯಲ್ಲೇ ಇರಿ ಎನ್ನುವುದನ್ನು ಸಂಚಾರ ನಿರ್ವಹಣೆ ಎಂದು ಕರೆಯಲು ನನಗೆ ಮನಸ್ಸು ಬಾರದು.

ಐಟಿಯವರು ರಸ್ತೆಯಿಂದ ಸರಿದರೆ ದಟ್ಟಣೆ ತಾನಾಗಿ ಕರಗುತ್ತದೆ ಎಂಬ ಲೆಕ್ಕವೂ ಅರ್ಧಂಬರ್ಧ. ಬೆಂಗಳೂರು ಎಂದರೆ ಬೆಳ್ಳಂದೂರು, ಮಾರತಹಳ್ಳಿ, ವೈಟ್‌ಫೀಲ್ಡ್ ಮಾತ್ರವಲ್ಲ. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಲೇತ್ ಮುಂದೆ ನಿಲ್ಲುವವರು ಮನೆಯಿಂದ ಕೆಲಸ ಮಾಡಲಾರರು. ಮೈಸೂರು ರಸ್ತೆ, ಹೊಸೂರು ರಸ್ತೆಗಳ ಗಾರ್ಮೆಂಟ್ಸ್‌ಗೆ ಹೋಗುವ ಲಕ್ಷಾಂತರ ಹೆಣ್ಣುಮಕ್ಕಳು ಮಾಡಲಾರರು. ಕೆ.ಆರ್. ಮಾರುಕಟ್ಟೆಯ ಹಮಾಲರು, ಪೌರಕಾರ್ಮಿಕರು, ನರ್ಸುಗಳು, ಮೇಷ್ಟ್ರುಗಳು, ಅಂಗಡಿಯವರು, ಸೆಕ್ಯುರಿಟಿಯವರು ಯಾರೂ ಮಾಡಲಾರರು. ಇವರು ಪ್ರತಿದಿನ ಹೊರಡಲೇಬೇಕು. ನಗರದ ಸಾರಿಗೆಯನ್ನು ಇವರ ಅಳತೆಗೆ ಕಟ್ಟಿದ್ದರೆ ಐಟಿಯವರಿಗೂ ಸಾಲುತ್ತಿತ್ತು. ನಾವು ಮಾಡುತ್ತಿರುವುದು ತಿರುಗುಮುರುಗು. ಐಟಿಯವರ ಕಷ್ಟವನ್ನು ನಗರದ ಕಷ್ಟವೆಂದು ಹೆಸರಿಟ್ಟು, ಅವರನ್ನು ಮನೆಯಲ್ಲಿ ಕೂರಿಸಿ, ಕಷ್ಟ ತೀರಿತು ಎನ್ನುತ್ತೇವೆ.

ಮನೆಯಲ್ಲಿ ಕೂತವರ ಓಡಾಟ ನಿಂತುಬಿಡುತ್ತದೆಯೇ ಎಂದರೆ ಅದೂ ಇಲ್ಲ. ಕಚೇರಿಯ ಕ್ಯಾಂಟೀನಿನಲ್ಲಿ ಮುಗಿಯುತ್ತಿದ್ದ ಊಟ, ದಾರಿಯಲ್ಲಿ ತರುತ್ತಿದ್ದ ಹಾಲು, ತರಕಾರಿ, ಔಷಧಿ ಎಲ್ಲವೂ ಈಗ ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಬೈಕಿನ ಮೇಲೆ ಬಾಗಿಲಿಗೆ ಬರುತ್ತವೆ. ಒಬ್ಬರ ಒಂದು ಪ್ರಯಾಣ ತಪ್ಪಿ, ಇನ್ನಾರೋ ಹುಡುಗರ ನಾಲ್ಕು ಪ್ರಯಾಣಗಳಾಗುತ್ತವೆ. ಮಳೆಯಲ್ಲಿ, ಹೊಂಡ ಬಿದ್ದ ರಸ್ತೆಯಲ್ಲಿ, ಹತ್ತು ನಿಮಿಷದ ಗಡುವಿಗೆ ಓಡುವ ಆ ಹುಡುಗರಲ್ಲಿ ರಾಯಚೂರು, ಕಲಬುರಗಿ ಕಡೆಯಿಂದ ಬಂದವರೂ ಇದ್ದಾರೆ. ಅವರಿಗಾಗಿ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನು ತಂದದ್ದು ಮೆಚ್ಚಬೇಕಾದ ಕೆಲಸ. ಆದರೂ ಒಂದು ವರ್ಗ ರಸ್ತೆಯ ಸಂಕಟದಿಂದ ಪಾರಾಗುವುದು ಇನ್ನೊಂದು ವರ್ಗ ಅದನ್ನು ಹೊರುವುದರಿಂದ ಎಂಬ ಸತ್ಯವನ್ನು ಕಾನೂನು ಮುಚ್ಚಲಾರದು.

2020ರ ಮೇ ತಿಂಗಳನ್ನು ಮರೆಯಬಾರದು. ಆಗ ಲಕ್ಷಾಂತರ ಐಟಿ ನೌಕರರು ಮನೆಯಿಂದ ಕೆಲಸ ಶುರುಮಾಡಿ ಒಂದೂವರೆ ತಿಂಗಳಾಗಿತ್ತು. ಊರಿಗೆ ಹೋಗಲು ರೈಲಿಗಾಗಿ ಕಾಯುತ್ತಿದ್ದ ವಲಸೆ ಕಾರ್ಮಿಕರಿಗೆ ಮಾತ್ರ, ಬಿಲ್ಡರುಗಳ ಜೊತೆ ಮುಖ್ಯಮಂತ್ರಿ ಸಭೆ ನಡೆಸಿದ ಬೆನ್ನಲ್ಲೇ, ರಾಜ್ಯ ಸರ್ಕಾರ ಶ್ರಮಿಕ್ ರೈಲುಗಳನ್ನು ರದ್ದು ಮಾಡಿತು. ದೇಶದಾದ್ಯಂತ ಟೀಕೆ ಬಂದ ಮೇಲಷ್ಟೇ ಆ ನಿರ್ಧಾರ ಹಿಂದಕ್ಕೆ ಹೋಯಿತು. ಒಂದೇ ಊರು, ಒಂದೇ ತಿಂಗಳು: ಕೆಲವರಿಗೆ ಮನೆಯಲ್ಲೇ ಇರುವ ಅವಕಾಶ, ಕೆಲವರಿಗೆ ಮನೆಗೆ ಹೋಗಲೂ ಅಡ್ಡಿ. ದೂರದಿಂದ ಕೆಲಸ ಮಾಡುವುದು ಮಹಾನಗರದ ಭವಿಷ್ಯ ಎನ್ನುವವರು ಯಾರ ಭವಿಷ್ಯ ಎಂಬುದನ್ನೂ ಜೊತೆಗೇ ಹೇಳಬೇಕು.

ಐಟಿಯೊಳಗೂ ಎಲ್ಲರ ಮನೆ ಒಂದೇ ರೀತಿ ಇಲ್ಲ. ಓದುವ ಕೋಣೆ, ಬಾಲ್ಕನಿ, ಇನ್ವರ್ಟರ್ ಇರುವ ಮೂರು ಬೆಡ್‌ರೂಮಿನ ಫ್ಲ್ಯಾಟಿನ ಮ್ಯಾನೇಜರನಿಗೆ ಮನೆಯೇ ಒಳ್ಳೆಯ ಕಚೇರಿ. ಬಿಟಿಎಂ ಲೇಔಟಿನ ಪಿಜಿಯಲ್ಲಿ ಮೂವರ ಕೋಣೆಯಲ್ಲಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಇನ್ನಿಬ್ಬರ ಮೀಟಿಂಗಿನ ಸದ್ದಿನ ನಡುವೆ ಕೆಲಸ ಕಲಿಯಬೇಕಾದ ಹೊಸಬಳಿಗೆ? ದಾವಣಗೆರೆಯದೋ ಬಾಗಲಕೋಟೆಯದೋ ಎಂಜಿನಿಯರಿಂಗ್ ಕಾಲೇಜಿನಿಂದ ನೇರವಾಗಿ ಬಂದು, ಇಂಗ್ಲಿಷಿನಲ್ಲಿ ಇನ್ನೂ ಹಿಂಜರಿಯುವ ಹುಡುಗ ಹುಡುಗಿಯರಿಗೆ ಪಕ್ಕದ ಮೇಜಿನ ಅನುಭವಿಯೇ ಗುರು. ಕೇಳಲು ಸಂಕೋಚವಾಗುವ ಪ್ರಶ್ನೆಯನ್ನು ಟೀ ಹೊತ್ತಿನಲ್ಲಿ ಮೆಲ್ಲಗೆ ಕೇಳಬಹುದು. ಪರದೆಯ ಮೇಲೆ ಹದಿನೈದು ಜನರ ಎದುರು ಕೇಳಲಾಗದು. ಕಚೇರಿಯ ಒಡನಾಟ ಕಡಿದುಹೋದರೆ ಮೊದಲು ಹಿಂದೆ ಬೀಳುವವರು ಇವರೇ. ನಗರದ ಇಂಗ್ಲಿಷ್ ಶಾಲೆಗಳಲ್ಲಿ ಓದಿದವರಿಗೆ ಆ ನಷ್ಟ ಅಷ್ಟಾಗಿ ತಟ್ಟುವುದಿಲ್ಲ.

ಇನ್ನು ಜಿಲ್ಲೆಗಳು ಉದ್ಧಾರವಾಗುತ್ತವೆ ಎಂಬ ಮಾತು. ಇದನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಕರ್ನಾಟಕದ ಎಲ್ಲ ಅವಕಾಶಗಳೂ ಒಂದೇ ಊರಿನಲ್ಲಿ ಗುಡ್ಡೆ ಬಿದ್ದಿರುವುದು ಅನ್ಯಾಯವೆಂದು ನಂಬಿದವನು ನಾನು. ಮನೆಯಿಂದ ಕೆಲಸ ಮಾಡುವ ಅನುಮತಿ ಆ ಅನ್ಯಾಯಕ್ಕೆ ಮದ್ದಾಗಲಾರದು. ಆ ಅನುಮತಿ ಯಾರ ಕೈಯಲ್ಲಿದೆ ನೋಡಿ. 2025ರ ಹೊತ್ತಿಗೆ ಯಾವುದೇ ಸಮಯದಲ್ಲಿ ತನ್ನ ನೌಕರರಲ್ಲಿ ಶೇ 25ರಷ್ಟು ಮಂದಿ ಮಾತ್ರ ಕಚೇರಿಯಲ್ಲಿದ್ದರೆ ಸಾಕು ಎಂದು 2020ರಲ್ಲಿ ಟಿಸಿಎಸ್ ಘೋಷಿಸಿತು. ಕೆಲಸದ ಜಗತ್ತೇ ಬದಲಾಯಿತೆಂದು ಆಗ ಎಲ್ಲೆಡೆ ಕೊಂಡಾಡಿದರು. 2023ರ ಅಕ್ಟೋಬರ್ ಹೊತ್ತಿಗೆ ಅದೇ ಟಿಸಿಎಸ್ ವಾರದ ಐದೂ ದಿನ ಕಚೇರಿಗೆ ಬರಬೇಕೆಂದಿತು. 2025ರ ಜನವರಿಯಿಂದ ಅಮೆಜಾನ್ ಕೂಡ ಐದು ದಿನ ಎಂದಿತು. ಕೋವಿಡ್ ಕಾಲದಲ್ಲಿ ಊರಿಗೆ ಹೋಗಿ ಮನೆ ರಿಪೇರಿ ಮಾಡಿಸಿ, ಮಕ್ಕಳನ್ನು ತಾಲ್ಲೂಕಿನ ಶಾಲೆಗೆ ಸೇರಿಸಿದ್ದ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಮರಳಿದವು. ಮರಳಿದಾಗ ಬೆಂಗಳೂರಿನ ಬಾಡಿಗೆ, ಅಡ್ವಾನ್ಸ್ ಎರಡೂ ಆಕಾಶಕ್ಕೇರಿದ್ದವು. ಒಂದು ಇಮೇಲಿನಲ್ಲಿ ರದ್ದಾಗುವ ಅನುಮತಿಯ ಮೇಲೆ ಒಬ್ಬ ಮನುಷ್ಯ ತನ್ನ ಮನೆಯನ್ನೇ ಕಟ್ಟಲಾರ. ರಾಜ್ಯವೊಂದು ಅದರ ಮೇಲೆ ತನ್ನ ಜಿಲ್ಲೆಗಳ ಭವಿಷ್ಯ ಕಟ್ಟುವುದಾದರೂ ಹೇಗೆ?

ಊರುಗಳು ಏನು ಕೇಳುತ್ತಿವೆ ಎಂಬುದನ್ನೂ ಕಿವಿಗೊಟ್ಟು ಆಲಿಸಬೇಕು. ಹುಬ್ಬಳ್ಳಿಯಲ್ಲಿ ಇನ್ಫೊಸಿಸ್ ಆವರಣ ಎದ್ದು ನಿಂತಿದ್ದರೂ ಕೆಲಸ ಶುರುವಾಗಲಿಲ್ಲವೆಂದು 2022ರಲ್ಲಿ ಅಲ್ಲಿಯವರು ಅಭಿಯಾನವನ್ನೇ ಮಾಡಬೇಕಾಯಿತು. ಅವರು ಕೇಳಿದ್ದು ಕಚೇರಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವ, ಬಾಗಿಲಲ್ಲಿ ಚಹಾದ ಅಂಗಡಿ ಇರುವ, ಊರಿನ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ನಾಳೆ ನಾವೂ ಇಲ್ಲಿ ಸೇರಬಹುದು ಎಂದು ನೋಡಿ ಹೋಗುವ ಕಚೇರಿ. ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಬೆಂಗಳೂರಿನ ಅಥವಾ ಬೋಸ್ಟನ್ನಿನ ಕೆಲಸ ಮಾಡುವ ಒಬ್ಬ ಟೆಕ್ಕಿಯಿಂದ ಊರಿನ ಕಿರಾಣಿ ಅಂಗಡಿಗೆ ಒಂದಿಷ್ಟು ವ್ಯಾಪಾರ ಹೆಚ್ಚುತ್ತದೆ, ನಿಜ. ಅದರಿಂದ ಉದ್ಯಮ ಹುಟ್ಟುವುದಿಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯುವ, ಒಂದು ಕಂಪನಿ ಬಿಟ್ಟು ಪಕ್ಕದಲ್ಲೇ ಇನ್ನೊಂದು ಶುರುಮಾಡುವ ಗುಣ ಹುಟ್ಟುವುದಿಲ್ಲ. ಬೆಂಗಳೂರು ಬೆಂಗಳೂರಾದದ್ದೇ ಆ ಗುಣದಿಂದ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1950ರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದು, ಅವುಗಳ ಸುತ್ತ ಬಿಡಿಭಾಗ ಮಾಡುವ ನೂರಾರು ಸಣ್ಣ ಘಟಕಗಳು ಬೆಳೆದು, ಕೈಕೆಲಸ ಬಲ್ಲ ಒಂದು ಪೀಳಿಗೆ ಸಿದ್ಧವಾದ ನೆಲದ ಮೇಲೆ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಹುಬ್ಬಳ್ಳಿ, ಮಂಗಳೂರು, ಕಲಬುರಗಿಗೆ ಬೇಕಿರುವುದು ಅಂಥ ನೆಲ. ಹಳ್ಳಿಗಳ ಸ್ಥಿತಿ ಇನ್ನೂ ಹಿಂದೆ: 2021ರಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ಸುಳ್ಯದ ಹಳ್ಳಿಗಳಲ್ಲಿ ಮಕ್ಕಳು ಮಳೆಯಲ್ಲಿ ರಸ್ತೆ ಬದಿ ಕೊಡೆ ಹಿಡಿದು ಕೂತು ಸಿಗ್ನಲ್ ಹುಡುಕಿ ಪಾಠ ಕೇಳಿದ್ದನ್ನು ನಾಡೇ ನೋಡಿತು. ಆ ರಸ್ತೆ ಬದಿಯಿಂದ ಜಾಗತಿಕ ಉದ್ಯೋಗ ಮಾಡಿ ಎನ್ನುವುದರಲ್ಲಿ ಪ್ರೀತಿಗಿಂತ ನಿರ್ಲಕ್ಷ್ಯವೇ ಹೆಚ್ಚು.

ಅತ್ತ ಸರ್ಕಾರದ ಕೈ ಏನು ಮಾಡುತ್ತಿದೆ? 2024ರ ನವೆಂಬರ್‌ನಲ್ಲಿ ಹೊರಬಂದ ಜಿಸಿಸಿ (ಜಾಗತಿಕ ಸಾಮರ್ಥ್ಯ ಕೇಂದ್ರಗಳ) ನೀತಿ 2029ರೊಳಗೆ ರಾಜ್ಯಕ್ಕೆ ವಿದೇಶಿ ಕಂಪನಿಗಳ 500 ಹೊಸ ಕೇಂದ್ರಗಳನ್ನು ತರುವ ಗುರಿ ಇಟ್ಟಿದೆ. ಬೆಂಗಳೂರಿನಾಚೆಗೂ ಅವು ಹೋಗಲಿ ಎಂಬ ಆಶಯ ಅದರಲ್ಲಿದೆ. ಆದರೆ ಕಚೇರಿ ಕಟ್ಟಡಗಳು ಏಳುತ್ತಿರುವುದು ಮತ್ತೆ ಅದೇ ಹೊರವರ್ತುಲ ರಸ್ತೆ, ಅದೇ ವೈಟ್‌ಫೀಲ್ಡ್, ಅದೇ ಬಳ್ಳಾರಿ ರಸ್ತೆಯಲ್ಲಿ. ಅಂದರೆ ಒಂದು ಇಲಾಖೆ ಜನರನ್ನು ಆ ರಸ್ತೆಗೆ ಕರೆತರುತ್ತದೆ, ಇನ್ನೊಂದು ಇಲಾಖೆ ಅದೇ ಜನರಿಗೆ ಮನೆಯಲ್ಲಿರಿ ಎನ್ನುತ್ತದೆ. ನಡುವೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸಾವಿರಾರು ಕೋಟಿ ರೂಪಾಯಿಯ ಸುರಂಗ ರಸ್ತೆಯ ಯೋಜನೆ, ಅದೂ ಕಾರುಗಳಿಗಾಗಿ. ಹೊರಡಲೇಬೇಕಾದ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಸುರಂಗವೂ ಇಲ್ಲ, ಬುಧವಾರವೂ ಇಲ್ಲ.

ಕಂಪನಿಗಳ ಬಾಕಿಯ ಮಾತೂ ಬರಲಿ. 2022ರ ಆಗಸ್ಟ್ ಕೊನೆಯಲ್ಲಿ ಮಳೆನೀರು ಹೊರವರ್ತುಲ ರಸ್ತೆಯನ್ನು ಮುಳುಗಿಸಿದಾಗ, ನೌಕರರು ಗಂಟೆಗಟ್ಟಲೆ ಸಿಕ್ಕಿಕೊಂಡದ್ದರಿಂದ ಒಂದೇ ದಿನ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಬರೆಯಿತು. ದೂರು ನ್ಯಾಯವಾದದ್ದೇ. ಆದರೆ ಆ ನೀರು ಎಲ್ಲಿಂದ ಬಂತು? ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಹರಿಯಬೇಕಿದ್ದ ರಾಜಕಾಲುವೆಗಳು ಒತ್ತುವರಿಯಾಗಿ, ತಗ್ಗಿನ ಗದ್ದೆಗಳ ಮೇಲೆ ಬಡಾವಣೆಗಳೂ ಟೆಕ್ ಪಾರ್ಕುಗಳೂ ಎದ್ದದ್ದರಿಂದ ಬಂತು. ಆ ಕಟ್ಟಡಗಳ ಬಾಡಿಗೆದಾರರು, ಮಾಲೀಕರು, ಅನುಮತಿ ಕೊಟ್ಟ ಅಧಿಕಾರಿಗಳು ಎಲ್ಲರೂ ಈ ನೀರಿಗೆ ಉತ್ತರ ಹೇಳಬೇಕಾದವರು. ಕೆಲವೇ ದಿನಗಳಲ್ಲಿ ಇನ್ನೂ ದೊಡ್ಡ ಮಳೆ ಬಂದು ಬಡಾವಣೆಗಳಿಗೆ ಟ್ರ್ಯಾಕ್ಟರು, ದೋಣಿ ಬಂದವು, ನೌಕರರಿಗೆ ಮನೆಯಿಂದ ಕೆಲಸ ಮಾಡಿ ಎಂಬ ಸಂದೇಶ ಹೋಯಿತು. ಅದರೊಂದಿಗೆ ಕಂಪನಿಗಳ ಮಟ್ಟಿಗೆ ಪ್ರವಾಹ ಮುಗಿಯಿತು. ಮುಳುಗಿದ ಶೆಡ್ಡುಗಳಲ್ಲಿ ಬದುಕುತ್ತಿದ್ದ ಮನೆಗೆಲಸದವರಿಗೆ ಮುಗಿಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ತಮ್ಮ ಆವರಣದ ಮೂಲಕ ಸೀಮಿತ ಸಂಚಾರಕ್ಕೆ ದಾರಿ ಕೊಡಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವಿಪ್ರೊದ ಅಜೀಂ ಪ್ರೇಮ್‌ಜಿ ಅವರಿಗೆ ಬರೆದರು. ಅದು ವಿಶೇಷ ಆರ್ಥಿಕ ವಲಯ, ಖಾಸಗಿ ಸ್ವತ್ತು ಎಂದು ಅವರು ಒಪ್ಪಲಿಲ್ಲ, ಬದಲಿಗೆ ತಜ್ಞರ ಅಧ್ಯಯನಕ್ಕೆ ನೆರವಾಗುವುದಾಗಿ ಹೇಳಿದರು. ಕಾನೂನಿನಂತೆ ಅವರು ಸರಿ ಇರಬಹುದು. ನನ್ನ ಪ್ರಶ್ನೆ ಆ ಒಂದು ಗೇಟಿನದಲ್ಲ. ಸಾರ್ವಜನಿಕ ರಸ್ತೆಗಳನ್ನು ಜೋಡಿಸದೆ, ಊರಿನ ನಡುವೆ ಬೇಲಿ ಹಾಕಿದ ದ್ವೀಪಗಳನ್ನು ಸಾಲಾಗಿ ಮಂಜೂರು ಮಾಡಿದ ಸರ್ಕಾರ, ಈಗ ಒಬ್ಬ ಉದ್ಯಮಿಯ ಮುಂದೆ ದಾರಿಗಾಗಿ ಕೈಚಾಚಬೇಕಾದ ಸ್ಥಿತಿಗೆ ಬಂದದ್ದು ಹೇಗೆ ಎಂಬುದು ಪ್ರಶ್ನೆ.

ಮನೆಯೊಳಗೆ ಆಗುತ್ತಿರುವುದನ್ನು ಹೇಳದಿದ್ದರೆ ವಾದ ಅಪೂರ್ಣ. ಕಚೇರಿಗೆ ಒಂದು ಬಾಗಿಲಿದೆ, ಅದರಿಂದ ಹೊರಬಿದ್ದರೆ ಕೆಲಸ ಮುಗಿಯಿತು. ಮನೆಯಲ್ಲಿ ಆ ಬಾಗಿಲಿಲ್ಲ. ಅಮೆರಿಕದವರು ಎದ್ದ ಮೇಲೆ ರಾತ್ರಿ ಹತ್ತಕ್ಕೆ ಕರೆ, ಬೆಳಿಗ್ಗೆ ಏಳಕ್ಕೆ ಇನ್ನೊಂದು. ನಡುವೆ ಕುಕ್ಕರ್, ಮಗುವಿನ ಹೋಂವರ್ಕ್, ಅತ್ತೆಯ ಔಷಧಿ. ‘ಮನೆಯಲ್ಲೇ ಇದ್ದೀಯಲ್ಲ’ ಎಂಬ ಒಂದೇ ಮಾತಿನಲ್ಲಿ ಹೆಣ್ಣಿನ ಹೆಗಲಿಗೆ ಎರಡು ಪಾಳಿ ಬೀಳುತ್ತದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕೆಂದಿತು. ತಾಯಂದಿರು ಮನೆಯಲ್ಲೇ ಉಳಿದರೆ ಆ ಕೇಂದ್ರವನ್ನು ಕೇಳುವವರಾರು? ಕೆಲಸದ ಷರತ್ತುಗಳನ್ನು ಬರೆದಿಡಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯದ ಐಟಿ ವಲಯಕ್ಕೆ ವರ್ಷಗಳಿಂದ ವಿನಾಯಿತಿ ಇತ್ತು, 2024ರಲ್ಲಿ ಅದನ್ನು ಮತ್ತೆ ಐದು ವರ್ಷ ಮುಂದುವರಿಸಲಾಯಿತು. ಅದೇ ವರ್ಷ ಕೆಲಸದ ಅವಧಿಯನ್ನು ದಿನಕ್ಕೆ ಹದಿನಾಲ್ಕು ಗಂಟೆಯವರೆಗೆ ಎಳೆಯುವ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಫ್ರೀಡಂ ಪಾರ್ಕಿನಲ್ಲಿ ಪ್ರತಿಭಟಿಸಿತು. ಆ ಪ್ರತಿಭಟನೆಗೂ ಒಂದು ಜಾಗ ಬೇಕಾಯಿತು, ಅಲ್ಲಿಗೆ ಬಂದು ನಿಲ್ಲುವ ಜನ ಬೇಕಾಯಿತು.

ನಾನು ಹೆಚ್ಚು ಹೆದರುವುದು ಜನ ಹೀಗೆ ಒಂದೆಡೆ ಸೇರುವುದೇ ನಿಂತುಹೋದೀತು ಎಂಬುದಕ್ಕೆ. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದರು. ಒಂದೇ ಗೇಟಿನಲ್ಲಿ ಸೇರುತ್ತಿದ್ದ, ಒಂದೇ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದ, ಒಂದೇ ಕಾಲೊನಿಯಲ್ಲಿ ಗಣೇಶನನ್ನೂ ರಾಜ್ಯೋತ್ಸವವನ್ನೂ ಮಾಡುತ್ತಿದ್ದ ಜನ ಅವರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂತೆಗೆತದ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಎರಡು ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬಳು ಇನ್ನೊಬ್ಬಳಿಗೆ ಹೇಳಿ, ಒಂದು ಕಾರ್ಖಾನೆಯ ಗೇಟಿನಿಂದ ಮುಂದಿನ ಗೇಟಿಗೆ ಸುದ್ದಿ ಹೋಗಿ ಬೆಳೆದ ಶಕ್ತಿ ಅದು. ಜನ ಒಂದೆಡೆ ಸೇರುವುದನ್ನು ಬರೀ ದಟ್ಟಣೆ ಎಂದು ನೋಡುವವರಿಗೆ ಈ ಶಕ್ತಿ ಕಾಣುವುದಿಲ್ಲ.

ಬೆಂಗಳೂರಿನ ಚುನಾಯಿತ ಪಾಲಿಕೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ, ಊರಿನ ಓದುಬರಹದ ವರ್ಗ ಮನೆಯೊಳಗೆ ಸೇರಿಕೊಂಡಿದ್ದ ಹೊತ್ತಿನಲ್ಲೇ. ಐದು ವರ್ಷ ಕಳೆದರೂ ಹೊಸ ಕಾರ್ಪೊರೇಟರುಗಳು ಬರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳಾದವು, ಅವನ್ನೂ ಆಡಳಿತಾಧಿಕಾರಿಗಳ ಕೈಗೇ ಕೊಡಲಾಯಿತು. ಚುನಾಯಿತ ಪಾಲಿಕೆ ಇಲ್ಲದಿರುವುದಕ್ಕೂ ಮನೆಯಿಂದ ಕೆಲಸ ಮಾಡುವುದಕ್ಕೂ ನೇರ ಸಂಬಂಧವಿದೆ ಎಂದು ನಾನು ಹೇಳುವುದಿಲ್ಲ. ಪಾಲಿಕೆ ಚುನಾವಣೆಗಳಲ್ಲಿ ಮಧ್ಯಮವರ್ಗದ ಉತ್ಸಾಹ ಮೊದಲೂ ಅಷ್ಟಕ್ಕಷ್ಟೇ. ಆದರೂ ತನ್ನ ವಾರ್ಡಿನ ರಸ್ತೆಯನ್ನು ದಿನಾ ತುಳಿಯದವನಿಗೆ ಆ ವಾರ್ಡಿಗೆ ಪ್ರತಿನಿಧಿ ಇಲ್ಲವೆಂಬುದು ನೋಯುವ ವಿಷಯವಾಗುವುದಿಲ್ಲ. ನೀರು ಟ್ಯಾಂಕರಿನಿಂದ, ವಿದ್ಯುತ್ತು ಜನರೇಟರಿನಿಂದ, ಕಾವಲು ಏಜೆನ್ಸಿಯಿಂದ, ಕೆಲಸ ಕೇಬಲ್ಲಿನಿಂದ ಬರುವ ಮನೆಗೆ ನಗರಪಾಲಿಕೆ ಯಾಕೆ ಬೇಕು? ದೂರದಿಂದ ಕೆಲಸ ಮಾಡುವ ನೀತಿ ಊರಿನ ಮೇಲೆ ಒತ್ತಡ ಹೇರಬಲ್ಲ ಜನರನ್ನೇ ಊರಿನಿಂದ ಬಿಡಿಸುತ್ತದೆ. ಊರಿಗೆ ಹೊಸದಾಗಿ ಬಂದವರ ಕಥೆ ಇನ್ನೂ ಬೇರೆ. ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಮಾತಾಡಿ, ದರ್ಶಿನಿಯಲ್ಲಿ ಬೈಟು ಕಾಫಿ ಕೇಳಿ ಅವರು ಕಲಿಯುವ ನಾಲ್ಕು ಕನ್ನಡದ ಮಾತು ಫ್ಲ್ಯಾಟಿನೊಳಗೆ ಕೂತರೆ ಬರುವುದಿಲ್ಲ. ಆಮೇಲೆ ಅವರಿಗೆ ಕನ್ನಡ ಬರುವುದಿಲ್ಲವೆಂದು ನಾವೇ ಜಗಳಕ್ಕೆ ನಿಲ್ಲುತ್ತೇವೆ.

ಮನೆಯಿಂದ ಕೆಲಸ ಊರನ್ನು ಹಗುರ ಮಾಡುತ್ತದೆ ಎನ್ನುವವರು ಸ್ಯಾನ್ ಫ್ರಾನ್ಸಿಸ್ಕೊ ಕಡೆ ಒಮ್ಮೆ ನೋಡಲಿ. ಅಲ್ಲಿ ಪೇಟೆಯ ನಡುಭಾಗದ ಕಚೇರಿಗಳಲ್ಲಿ ಮೂರನೇ ಒಂದು ಭಾಗದಷ್ಟು ಖಾಲಿ ಬಿದ್ದವು. ಅಲ್ಲಿನ ನಗರ ರೈಲಾದ ಬಾರ್ಟ್‌ನ ಪ್ರಯಾಣಿಕರು ಕೋವಿಡ್ ಮೊದಲಿದ್ದವರ ಅರ್ಧಕ್ಕೂ ಕಡಿಮೆಯಾಗಿ, ಟಿಕೆಟ್ ಹಣವನ್ನೇ ನೆಚ್ಚಿಕೊಂಡಿದ್ದ ಆ ಸಂಸ್ಥೆ ಬಿಕ್ಕಟ್ಟಿಗೆ ಸಿಕ್ಕಿತು. ಸಂಬಳವಂತರು ಬಿಟ್ಟುಹೋದ ರೈಲಿನಲ್ಲಿ ಉಳಿಯುವವರು ಬೇರೆ ದಾರಿ ಇಲ್ಲದವರು. ಸೇವೆ ಕಡಿತವಾದರೆ ಪೆಟ್ಟು ಬೀಳುವುದು ಅವರಿಗೆ. ಸ್ಯಾನ್ ಫ್ರಾನ್ಸಿಸ್ಕೊದವರಿಗಾದರೆ ರೈಲು ಕಟ್ಟಿದ ಮೇಲೆ ಈ ಗತಿ ಬಂತು. ನಾವು ಕಟ್ಟುವ ಮೊದಲೇ ಜನರನ್ನು ಕಳಿಸುವ ಮಾತಾಡುತ್ತಿದ್ದೇವೆ.

ಯಾರನ್ನೂ ಬಲವಂತವಾಗಿ ಕಚೇರಿಗೆ ಎಳೆದು ತರಬೇಕೆಂದು ನಾನು ಹೇಳುತ್ತಿಲ್ಲ. ಹಾಜರಿಯ ಕಾರ್ಡು ಹಿಡಿದು ಹೆದರಿಸುವ ಕಂಪನಿಗಳ ವಕಾಲತ್ತು ನನ್ನದಲ್ಲ. ಅಂಗವಿಕಲರಿಗೆ, ಹಸುಗೂಸಿನ ತಾಯಿಗೂ ತಂದೆಗೂ, ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವವರಿಗೆ ಮನೆಯಿಂದ ಕೆಲಸ ಮಾಡುವುದು ಕಾನೂನಿನಲ್ಲಿ ಬರೆದ ಹಕ್ಕಾಗಬೇಕು, ಕೆಲಸ ಮುಗಿದ ಮೇಲೆ ಫೋನು ಎತ್ತದಿರುವ ಹಕ್ಕೂ ಅದರ ಜೊತೆಗೆ ಬರಬೇಕು. ಹಕ್ಕಾದರೆ ಅದನ್ನು ಇಮೇಲಿನಲ್ಲಿ ರದ್ದು ಮಾಡಲಾಗದು, ಮಳೆ ಬಂದಾಗ ಮಾತ್ರ ನೆನಪಿಸಿಕೊಳ್ಳಲೂ ಆಗದು. ಅದು ನೌಕರನದಾಗಿರಲಿ. ದಟ್ಟಣೆಯ ಲೆಕ್ಕಕ್ಕೆ ಅದನ್ನು ಸೇರಿಸುವುದು ಬೇಡ.

ದಟ್ಟಣೆಗೆ ಏನು ಮಾಡಬೇಕೆಂಬುದು ತಿಳಿಯದ ಸಂಗತಿಯೇನಲ್ಲ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರಿನ ಹಳದಿ ಮಾರ್ಗ ತೆರೆಯಿತು. ಮೊದಮೊದಲು ರೈಲುಗಳು ಬೆರಳೆಣಿಕೆಯಷ್ಟು, ಒಂದು ತಪ್ಪಿದರೆ ಇಪ್ಪತ್ತೈದು ನಿಮಿಷ ಕಾಯಬೇಕು. ಆದರೂ ಎಲೆಕ್ಟ್ರಾನಿಕ್ ಸಿಟಿಯ ಜನ ಮುಗಿಬಿದ್ದು ಹತ್ತಿದರು. ಅವರ್ಯಾರೂ ಮನೆಯಲ್ಲೇ ಇರುತ್ತೇವೆ ಎನ್ನಲಿಲ್ಲ. ಹೊರವರ್ತುಲ ರಸ್ತೆಯ ಮೆಟ್ರೊ ಯಾವ ತಿಂಗಳು ಓಡುತ್ತದೆಂದು ಸರ್ಕಾರ ಹೇಳಲಿ, ತಪ್ಪಿದರೆ ಯಾರು ಹೊಣೆ ಎಂಬುದನ್ನೂ ಹೇಳಲಿ. ಅಲ್ಲಿಯವರೆಗೆ ಕಾಯದೆ, ಕಾಮಗಾರಿ ಮುಗಿದು ರಸ್ತೆ ತೆರವಾದ ಕಡೆಯೆಲ್ಲ 2019ರ ಬಸ್ ಪಥದ ಕಂಬಗಳನ್ನು ಮತ್ತೆ ನೆಡಲಿ, ಅದರ ಮೇಲೆ ಓಡಲು ಬೇಕಾದಷ್ಟು ಬಸ್ಸು ಕೊಡಲಿ. ಟೆಕ್ ಪಾರ್ಕುಗಳ ಗೇಟಿನಿಂದ ಬಸ್ ನಿಲ್ದಾಣದವರೆಗೆ ನಡೆಯುವ ದಾರಿಯ ಖರ್ಚನ್ನು ಆ ಪಾರ್ಕುಗಳ ಮಾಲೀಕರಿಂದ ವಸೂಲು ಮಾಡಲಿ. ಐದು ಪಾಲಿಕೆಗಳನ್ನು ಚುನಾಯಿತರ ಕೈಗೆ ಕೊಡಲಿ, ಈ ಲೆಕ್ಕವನ್ನೆಲ್ಲ ವಾರ್ಡು ವಾರ್ಡಿನಲ್ಲಿ ಅವರಿಂದ ಕೇಳೋಣ.